ಮೂರು ಗುಂಡಿಗಳಿಂದ ಒಂದು ಗುಂಡಿಗೆ: ವಿಂಡೋಸ್ 95ಕ್ಕೆ ಮುಂಚಿನ ‘ಷಿಕಾಗೋ’ 58ಎಸ್ ಬಿಲ್ಡ್ ಕುರಿತ ಪ್ರಕರಣ ಅಧ್ಯಯನ

1995ರ ಆಗಸ್ಟ್ 24ರಂದು ಮಾರುಕಟ್ಟೆಗೆ ಬಂದ ವಿಂಡೋಸ್ 95 ಮನೆಬಳಕೆಯ ಕಂಪ್ಯೂಟರಿನ ಪರದೆ ಹೇಗಿರಬೇಕೆಂಬುದನ್ನು ಮುಂದಿನ ಕೆಲವು ದಶಕಗಳ ಮಟ್ಟಿಗೆ ನಿರ್ಧರಿಸಿಬಿಟ್ಟಿತು. ಕೆಳಗೊಂದು ಪಟ್ಟಿ, ಅದರ ಎಡಮೂಲೆಯಲ್ಲಿ ಸ್ಟಾರ್ಟ್ ಗುಂಡಿ, ತೆರೆದ ಪ್ರತಿ ವಿಂಡೋಗೂ ಆ ಪಟ್ಟಿಯಲ್ಲೊಂದು ಚೌಕ: ಇಂದು ಕಂಪ್ಯೂಟರ್ ಕಲಿಯುವವರಿಗೆ ಇವನ್ನು ಯಾರೋ ಕುಳಿತು ಯೋಚಿಸಿ ಮಾಡಿದ್ದೆಂದೇ ಅನ್ನಿಸುವುದಿಲ್ಲ. ಆದರೆ ಬಿಡುಗಡೆಗೆ ಎರಡು ವರ್ಷ ಮೊದಲು ಇದೇ ವ್ಯವಸ್ಥೆಯಲ್ಲಿ ಸ್ಟಾರ್ಟ್ ಗುಂಡಿಯೂ ಇರಲಿಲ್ಲ, ಇಂದಿನ ಅರ್ಥದ ಟಾಸ್ಕ್‌ಬಾರ್ ಕೂಡ ಇರಲಿಲ್ಲ. ‘ಷಿಕಾಗೋ’ ಎಂಬ ಸಂಕೇತನಾಮದಲ್ಲಿ ತಯಾರಾಗುತ್ತಿದ್ದ ಆ ವ್ಯವಸ್ಥೆಯ, ಸಂಗ್ರಹಕಾರರ ಕೈಗೆ ಸಿಕ್ಕಿರುವ ಅತ್ಯಂತ ಹಳೆಯ ಪ್ರತಿ 58ಎಸ್ ಎಂಬ ಬಿಲ್ಡ್. ಅದು 1993ರ ಆಗಸ್ಟ್‌ನದು. ಆ ಪ್ರತಿಯಲ್ಲಿ ಏನಿದೆ, ಅದರಲ್ಲಿದ್ದ ಯಾವುದು ಉಳಿಯಿತು, ಯಾವುದು ಹೋಯಿತು, ಹೋದದ್ದು ಯಾವ ಕಾರಣಕ್ಕೆ ಹೋಯಿತು ಎಂಬುದನ್ನು ಈ ಬರಹ ಪರಿಶೀಲಿಸುತ್ತದೆ.

ಪ್ರತಿಯ ಸ್ವರೂಪ ಮತ್ತು ಅದನ್ನು ನೋಡುವ ಬಗೆ

ತಂತ್ರಾಂಶ ತಯಾರಿಸುವವರು ಬರೆದ ಸಂಕೇತವನ್ನೆಲ್ಲ ಒಟ್ಟುಗೂಡಿಸಿ, ಓಡಬಲ್ಲ ರೂಪಕ್ಕೆ ತಂದಾಗ ದೊರೆಯುವುದೇ ಬಿಲ್ಡ್. ಪ್ರತಿ ಬಾರಿಯೂ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಅಂಗಡಿಯಲ್ಲಿ ಮಾರಾಟವಾದ ವಿಂಡೋಸ್ 95ರ ಬಿಲ್ಡ್ ಸಂಖ್ಯೆ 950. ಅದರ ಪಕ್ಕದಲ್ಲಿ 58 ಎಂಬ ಸಂಖ್ಯೆಯನ್ನಿಟ್ಟು ನೋಡಿದರೆ ಕೆಲಸ ಎಷ್ಟು ಆರಂಭದಲ್ಲಿತ್ತೆಂಬ ಅಂದಾಜು ಸಿಗುತ್ತದೆ. 1993ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ನಡೆದ ಮೈಕ್ರೋಸಾಫ್ಟ್‌ನ ತಂತ್ರಾಂಶ ನಿರ್ಮಾಪಕರ ಸಮ್ಮೇಳನದಲ್ಲಿ ಷಿಕಾಗೋದ ಮುಂದಿನ ಹಂತದ ಪ್ರತಿಯನ್ನು ಹಂಚಲಾಯಿತು. 58ಎಸ್ ಅದಕ್ಕೂ ಹಿಂದಿನದು. ಇಂಥ ಪ್ರತಿಗಳು ಗೋಪ್ಯತೆಯ ಕರಾರಿನ ಮೇಲೆ ಆಯ್ದ ಕೆಲವರಿಗೆ ಮಾತ್ರ ದೊರೆಯುತ್ತಿದ್ದವು, ಸಾರ್ವಜನಿಕ ಬಳಕೆಗೆ ಪರವಾನಗಿ ಪಡೆದವಲ್ಲ. ಕಾಲ ಕಳೆದಂತೆ ಅವು ಸಂಗ್ರಹಗಳಿಗೆ ಸೇರಿಕೊಂಡಿವೆ. ಕಾನೂನಿನ ದೃಷ್ಟಿಯಲ್ಲಿ ಅವುಗಳ ಸ್ಥಾನ ಇಂದಿಗೂ ಇಕ್ಕಟ್ಟಿನದೇ ಎಂಬುದನ್ನು ಅಧ್ಯಯನ ಮಾಡುವವರು ಮರೆಯಬಾರದು.

ಇಂಥ ಪ್ರತಿಯನ್ನು ಇಂದಿನ ಯಂತ್ರದಲ್ಲಿ ನೇರವಾಗಿ ಓಡಿಸುವುದು ಬುದ್ಧಿವಂತಿಕೆಯಲ್ಲ. ಬಿಡುಗಡೆಯಾದ ವಿಂಡೋಸ್ 95 ಕೂಡ ಕೆಲವೇ ವರ್ಷಗಳಲ್ಲಿ ಬಂದ ವೇಗದ ಪ್ರೊಸೆಸರುಗಳ ಮೇಲೆ ಮುಗ್ಗರಿಸುತ್ತಿತ್ತು. ಯಂತ್ರದ ವೇಗವನ್ನು ಅಳೆಯಲು ಅದು ಒಂದೇ ಆದೇಶವನ್ನು ಮತ್ತೆ ಮತ್ತೆ ನಡೆಸುವ ಒಂದು ಸಣ್ಣ ಆವರ್ತವನ್ನು (ಲೂಪ್) ಓಡಿಸಿ, ಹಿಡಿದ ಸಮಯದಿಂದ ಭಾಗಿಸುತ್ತಿತ್ತು. ಪ್ರೊಸೆಸರ್ ತೀರ ವೇಗವಾಗಿದ್ದರೆ ಆ ಸಮಯ ಸೊನ್ನೆಗೆ ಇಳಿದು, ಸೊನ್ನೆಯಿಂದ ಭಾಗಿಸುವ ಪರಿಸ್ಥಿತಿ ಬಂದು ವ್ಯವಸ್ಥೆ ಏಳುವ ಮೊದಲೇ ನಿಂತುಬಿಡುತ್ತಿತ್ತು. ಆದ್ದರಿಂದ ಆಗಿನ 486 ಎಂಬ ಪ್ರೊಸೆಸರಿನ ಕಾಲದ ಯಂತ್ರವನ್ನು ಬಿಡಿಭಾಗಗಳ ಮಟ್ಟದಲ್ಲಿ ಅನುಕರಿಸುವ 86ಬಾಕ್ಸ್‌ನಂಥ ಎಮ್ಯುಲೇಟರ್ ಬಳಸಿ, ಪ್ರೊಸೆಸರಿನ ವೇಗ, ಮೆಮೊರಿ, ವಿಜಿಎ ಕಾರ್ಡು ಮತ್ತು ತಾರೀಕು ಎಲ್ಲವನ್ನೂ 1993ಕ್ಕೆ ಹೊಂದಿಸಿಕೊಂಡು ನೋಡುವುದೇ ಕ್ಷೇಮ. ಪ್ರತಿ ಹೆಜ್ಜೆಗೂ ಡಿಸ್ಕಿನ ಒಂದೊಂದು ನಕಲನ್ನು ತೆಗೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು, ಏಕೆಂದರೆ ಅರ್ಧ ಕಟ್ಟಿದ ವ್ಯವಸ್ಥೆ ಯಾವಾಗ ಕುಸಿಯುತ್ತದೆ ಎಂದು ಹೇಳಲಾಗದು.

ವಿಧಾನದ ಬಗ್ಗೆ ಮತ್ತೊಂದು ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅಪ್ರಕಟಿತ ಪ್ರತಿಯನ್ನು ನೋಡುವವರಲ್ಲಿ ಹೆಚ್ಚಿನವರು ವಿಚಿತ್ರಗಳ ಪಟ್ಟಿ ಮಾಡುವುದರಲ್ಲೇ ತೃಪ್ತರಾಗುತ್ತಾರೆ: ಇಲ್ಲಿ ಈ ಐಕಾನು ಬೇರೆ, ಅಲ್ಲಿ ಆ ಬಣ್ಣ ಬೇರೆ, ಇತ್ಯಾದಿ. ಅದರಿಂದ ಕುತೂಹಲ ತಣಿಯಬಹುದೇ ಹೊರತು ತಿಳಿವಳಿಕೆ ಬೆಳೆಯುವುದಿಲ್ಲ. ಪರದೆಯ ಮೇಲೆ ಕಾಣದ ಒಂದು ಸೌಲಭ್ಯ ಇನ್ನೂ ಬರೆದಿರದ ಕಾರಣ ಕಾಣದಿರಬಹುದು, ಅಥವಾ ಬೇಡವೆಂದು ಬಿಟ್ಟದ್ದಾಗಿರಬಹುದು. ಬಿಲ್ಡ್ ತಾನಾಗಿ ಈ ಎರಡರ ನಡುವಿನ ವ್ಯತ್ಯಾಸವನ್ನು ಹೇಳದು. ಷಿಕಾಗೋದ ವಿಷಯದಲ್ಲಿ ನಮ್ಮ ಅದೃಷ್ಟವೆಂದರೆ, ಬಳಕೆದಾರರನ್ನು ಕೂರಿಸಿ ನಡೆಸಿದ ಪರೀಕ್ಷೆಗಳ ವಿವರವನ್ನು ಮೈಕ್ರೋಸಾಫ್ಟ್‌ನ ವಿನ್ಯಾಸ ತಂಡ 1996ರಲ್ಲಿ ಬಹಿರಂಗವಾಗಿ ವರದಿ ಮಾಡಿತು. ಶೆಲ್, ಅಂದರೆ ಬಳಕೆದಾರರಿಗೆ ಕಾಣುವ ಡೆಸ್ಕ್‌ಟಾಪು, ಮೆನುಗಳ ಹೊರಪದರವನ್ನು ಬರೆದವರ ಪೈಕಿ ಕೆಲವರು ನಂತರದ ವರ್ಷಗಳಲ್ಲಿ ತಮ್ಮ ನೆನಪುಗಳನ್ನೂ ದಾಖಲಿಸಿದರು. ಬಿಲ್ಡನ್ನು ಒಂದು ಕಡೆ, ಈ ಸಾಕ್ಷ್ಯವನ್ನು ಇನ್ನೊಂದು ಕಡೆ ಇಟ್ಟುಕೊಂಡು ಓದಿದಾಗ ಮಾತ್ರ 58ಎಸ್ ಮಾತಾಡತೊಡಗುತ್ತದೆ.

ಪರದೆಯ ಮೇಲೆ ಕಾಣುವುದು

ವ್ಯವಸ್ಥೆ ಎದ್ದ ಮೇಲೆ ಮೊದಲು ಗಮನಕ್ಕೆ ಬರುವುದು, ಪ್ರೋಗ್ರಾಂ ಮ್ಯಾನೇಜರ್ ಎದುರಿಗಿಲ್ಲ ಎಂಬುದು. 1992ರ ವಿಂಡೋಸ್ 3.1ರಲ್ಲಿ ಎಲ್ಲವೂ ಆ ಒಂದು ವಿಂಡೋದೊಳಗೆ ಶುರುವಾಗುತ್ತಿತ್ತು; ಫೈಲುಗಳನ್ನು ನೋಡಬೇಕಾದರೆ ಫೈಲ್ ಮ್ಯಾನೇಜರ್ ಎಂಬ ಬೇರೊಂದು ಪ್ರೋಗ್ರಾಂ ತೆರೆಯಬೇಕಿತ್ತು. 58ಎಸ್‌ನಲ್ಲಿ ಡೆಸ್ಕ್‌ಟಾಪೇ ಮೊದಲ ನೆಲೆ. ಫೈಲ್ ಕ್ಯಾಬಿನೆಟ್ ಎಂಬ ಐಕಾನು ಯಂತ್ರದೊಳಗಿನ ಡಿಸ್ಕುಗಳಿಗೂ ಕಡತಗಳಿಗೂ ದಾರಿ. ಜಾಲಕ್ಕೆ ಇನ್ನೊಂದು ಐಕಾನು. ಪ್ರೋಗ್ರಾಂಗಳಿಗೆ ಮತ್ತೊಂದು ಫೋಲ್ಡರು. ಮೌಸಿನ ಬಲಗುಂಡಿ ಒತ್ತಿದರೆ ಆಯಾ ವಸ್ತುವಿಗೆ ತಕ್ಕ ಮೆನು ಬರುತ್ತದೆ, ಅಂಚುಗಳಿಗೆ ಬೆಳಕು ನೆರಳು ಕೊಟ್ಟು ಉಬ್ಬಿದಂತೆ ತೋರಿಸಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಷಿಕಾಗೋ ತಂಡದ ಸ್ವಂತ ಸೃಷ್ಟಿಯಲ್ಲ. ಮೈಕ್ರೋಸಾಫ್ಟ್‌ನೊಳಗೇ ‘ಕೈರೋ’ ಎಂಬ ಮತ್ತೊಂದು ಯೋಜನೆ ಕಚೇರಿ ಬಳಕೆಗೆಂದು ಮಾಡಿದ ವಿಂಡೋಸ್ ಎನ್‌ಟಿಯ ನೆಲೆಗಟ್ಟಿನ ಮೇಲೆ ನಡೆಯುತ್ತಿತ್ತು. ಡೆಸ್ಕ್‌ಟಾಪ್, ತಳದ ಟ್ರೇ, ಬಲಗುಂಡಿಯ ಮೆನು, ಮೂರು ಆಯಾಮದ ನೋಟ ಇವೆಲ್ಲ ಅಲ್ಲಿಂದ ಎರವಲು ಬಂದವು. ಕೈರೋ ಎಂದೂ ಒಂದು ಉತ್ಪನ್ನವಾಗಿ ಹೊರಬರಲಿಲ್ಲ. ಅದರ ಮುಖಲಕ್ಷಣಗಳು ಮಾತ್ರ ಅಗ್ಗದ, ಮನೆಬಳಕೆಯ ತಮ್ಮನ ಮೂಲಕ ಲೋಕಕ್ಕೆ ಪರಿಚಯವಾದವು.

ಈ ಪರದೆಯ ತಿರುಳು ಇರುವುದು ಕೆಳಗಿನ ಪಟ್ಟಿಯಲ್ಲಿ. ಅದರ ಹೆಸರು ಟ್ರೇ. ಮೇಜಿನ ಮೇಲಿನ ಡ್ರಾಯರಿನಲ್ಲಿ ಪೆನ್ನು, ಪಿನ್ನು, ಚೀಟಿ ಇಡಲು ಒಂದು ತಟ್ಟೆ ಇರುತ್ತದಲ್ಲ, ಅದೇ ಕಲ್ಪನೆ: ಪರದೆಯ ಅಂಚಿಗೆ ಅಂಟಿಸಿದ ಒಂದು ಫೋಲ್ಡರು, ಬೇಕಾದ್ದನ್ನು ಎಳೆದು ತಂದು ಅದರಲ್ಲಿ ಹಾಕಬಹುದು, ಅಲ್ಲಿಂದ ಹೊರಗೆಳೆಯಬಹುದು. ತೆರೆದ ವಿಂಡೋಗಳ ಲೆಕ್ಕ ಇಡುವುದು ಅದರ ಕೆಲಸವೇ ಆಗಿರಲಿಲ್ಲ. ಅದರ ಎಡಮೂಲೆಯಲ್ಲಿ ಮೂರು ಚಿಕ್ಕ ಗುಂಡಿಗಳಿವೆ. ಮೊದಲನೆಯದರ ಮೇಲೆ ವಿಂಡೋಸ್ ಬಾವುಟ, ಎರಡನೆಯದರ ಮೇಲೆ ಒಂದು ಕಣ್ಣು, ಮೂರನೆಯದರ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಯಾವುದರ ಮೇಲೂ ಒಂದಕ್ಷರವಿಲ್ಲ. ಕಣ್ಣು ಹುಡುಕಲು, ಪ್ರಶ್ನೆ ಸಹಾಯಕ್ಕೆ. ಬಾವುಟದ ಗುಂಡಿಯನ್ನು ತಂಡದವರು ‘ಸಿಸ್ಟಂ’ ಗುಂಡಿ ಎಂದು ಕರೆಯುತ್ತಿದ್ದರು.

ಆ ಸಿಸ್ಟಂ ಗುಂಡಿಯ ಮೆನುವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದರಲ್ಲಿದ್ದದ್ದು ಇಷ್ಟು: ಒಂದು ಆದೇಶವನ್ನು ಬರೆದು ಓಡಿಸುವ ರನ್, ಟಾಸ್ಕ್ ಲಿಸ್ಟ್, ಡೆಸ್ಕ್‌ಟಾಪಿನ ಐಕಾನುಗಳನ್ನು ಜೋಡಿಸುವುದು, ವಿಂಡೋಗಳನ್ನು ಒಂದರ ಹಿಂದೊಂದು ಅಥವಾ ಪಕ್ಕಪಕ್ಕ ಜೋಡಿಸುವುದು, ಸಹಾಯ, ಕೊನೆಗೆ ವಿಂಡೋಸನ್ನು ಮುಚ್ಚುವುದು. ಪ್ರೋಗ್ರಾಂಗಳ ಪಟ್ಟಿ ಇದರಲ್ಲಿ ಇಲ್ಲ. ಪ್ರೋಗ್ರಾಂ ತೆರೆಯುವುದು ಡೆಸ್ಕ್‌ಟಾಪಿನ ಫೋಲ್ಡರಿನ ಪಾಲಿಗೆ ಬಿಟ್ಟ ಕೆಲಸ. ಈ ಮೆನು ಮನೆಗೆಲಸದ ಚಿಲ್ಲರೆ ಆದೇಶಗಳಿಗೆ ಮಾತ್ರ. ಟಾಸ್ಕ್ ಲಿಸ್ಟ್ ಎಂಬ ಒಂದೇ ಸಾಲು ಎಷ್ಟೋ ಹೇಳುತ್ತದೆ. ತೆರೆದ ವಿಂಡೋಗಳು ಎದುರಿಗೆ ಕಾಣುವಂತಿದ್ದರೆ ಅವುಗಳ ಪಟ್ಟಿಯನ್ನು ಮೆನುವಿನಿಂದ ಕರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಕೊನೆಯ ಸಾಲೂ ಗಮನಾರ್ಹ. ಕಂಪ್ಯೂಟರ್ ನಿಲ್ಲಿಸಲು ‘ಸ್ಟಾರ್ಟ್’ ಒತ್ತಬೇಕಾದ ವಿಪರ್ಯಾಸದ ಬಗ್ಗೆ ಮೂವತ್ತು ವರ್ಷಗಳಿಂದ ಜನ ಹಾಸ್ಯ ಮಾಡುತ್ತ ಬಂದಿದ್ದಾರೆ; ವಿನ್ಯಾಸಕಾರರು ಅರ್ಥವಿಲ್ಲದೆ ಎರಡನ್ನು ಒಂದೆಡೆ ಗಂಟುಹಾಕಿದರೆಂಬುದು ಆ ಹಾಸ್ಯದ ಊಹೆ. ಹಳೆಯ ಮೆನುವನ್ನು ನೋಡಿದರೆ ಕ್ರಮ ತಿರುಗುಮುರುಗಾಗುತ್ತದೆ. ಮುಚ್ಚುವ ಆದೇಶ ಆ ಗುಂಡಿಯಲ್ಲಿ ಮೊದಲಿನಿಂದಲೂ ಇತ್ತು. ‘ಸ್ಟಾರ್ಟ್’ ಎಂಬ ಹೆಸರೇ ಆಮೇಲೆ ಬಂದು ಅಂಟಿಕೊಂಡದ್ದು.

ಬದಲಾವಣೆಗೆ ಕಾರಣರಾದವರು

ಷಿಕಾಗೋದ ಮುಖವನ್ನು ರೂಪಿಸುವ ತಂಡ 1992ರ ಅಕ್ಟೋಬರಿನಲ್ಲಿ ರಚನೆಯಾಯಿತು. ವಿನ್ಯಾಸ, ಚಿತ್ರಕಲೆ, ಬಳಕೆ ಪರೀಕ್ಷೆ, ಕಂಪ್ಯೂಟರ್ ವಿಜ್ಞಾನ ಹೀಗೆ ಬೇರೆಬೇರೆ ಹಿನ್ನೆಲೆಯ ಸುಮಾರು 12 ಜನ ಅದರಲ್ಲಿದ್ದರು. ಅವರ ಕಲ್ಪನೆಗಳನ್ನು ಸಂಕೇತವಾಗಿ ಬರೆಯುವವರು ಇನ್ನೊಂದು ಅಷ್ಟೇ ಮಂದಿ. ಅವರ ಮುಂದಿದ್ದ ಗುರಿಗಳು ಎರಡು, ಮತ್ತು ಅವು ಒಂದಕ್ಕೊಂದು ಸಲೀಸಾಗಿ ಹೊಂದುವಂಥವಲ್ಲ: ಕಂಪ್ಯೂಟರನ್ನೇ ಮುಟ್ಟದವರಿಗೆ ಕಲಿಯಲು ಸುಲಭವಾಗಬೇಕು, ವಿಂಡೋಸ್ 3.1ಕ್ಕೆ ಒಗ್ಗಿಹೋದ ಕೋಟ್ಯಂತರ ಜನರಿಗೆ ಬಳಸಲು ಇನ್ನೂ ಸುಲಭವಾಗಬೇಕು. ಮೊದಲು ಎಲ್ಲವನ್ನೂ ಒಂದು ಬೃಹತ್ ವಿವರಣಾ ದಾಖಲೆಯಲ್ಲಿ ಬರೆದು, ನಂತರ ಅದರಂತೆ ಕಟ್ಟುವ ಹಳೆಯ ಪದ್ಧತಿಯಲ್ಲಿ ಹೊರಟರು. ಪರೀಕ್ಷೆಗಳ ಫಲಿತಾಂಶ ಬರತೊಡಗಿದಾಗ ದಾಖಲೆ ಅವುಗಳ ವೇಗಕ್ಕೆ ಓಡಲಾರದೆ ಹೋಯಿತು. ಆಗ ಕಾಗದದ ಮೇಲಿನ ಚಿತ್ರಗಳು, ವಿಷುವಲ್ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ತರಾತುರಿಯಲ್ಲಿ ಕಟ್ಟಿದ ಮಾದರಿಗಳು, ಜೊತೆಗೆ ನಿಜವಾದ ಬಿಲ್ಡ್‌ಗಳು ಇವುಗಳನ್ನೇ ಜನರ ಮುಂದಿಟ್ಟು, ತಿದ್ದಿ, ಮತ್ತೆ ಮುಂದಿಡುವ ಕ್ರಮಕ್ಕೆ ಬಂದರು. ಯೋಜನೆ ಮುಗಿಯುವ ಹೊತ್ತಿಗೆ 64 ಸುತ್ತುಗಳ ಪ್ರಯೋಗಾಲಯ ಪರೀಕ್ಷೆಯಲ್ಲಿ 560 ಜನ ಭಾಗವಹಿಸಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ವಿಂಡೋಸ್ 3.1ರ ಸಾಧಾರಣ ಬಳಕೆದಾರರು. ಉಳಿದವರಲ್ಲಿ ಹೊಸಬರು, ಪಳಗಿದವರು, ಬೇರೆ ವ್ಯವಸ್ಥೆಗಳಿಂದ ಬಂದವರು ಇದ್ದರು.

ಆ ಪರೀಕ್ಷೆಗಳಲ್ಲಿ ಮೊದಲು ಪೆಟ್ಟು ತಿಂದದ್ದು ಫೈಲ್ ಕ್ಯಾಬಿನೆಟ್. ಅದನ್ನು ತೆರೆದರೆ ಎರಡು ಭಾಗದ ವಿಂಡೋ ಬರುತ್ತಿತ್ತು: ಎಡಗಡೆ ಫೋಲ್ಡರುಗಳ ಕವಲೊಡೆದ ವಂಶವೃಕ್ಷ, ಬಲಗಡೆ ಆಯ್ದ ಫೋಲ್ಡರಿನ ಒಳಗಿನ ವಸ್ತುಗಳು. ಬರೆದವರಿಗೆ ಇದಕ್ಕಿಂತ ಸ್ಪಷ್ಟವಾದ ಏರ್ಪಾಡು ಇನ್ನೊಂದು ಇರಲಾರದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಎಡಭಾಗಕ್ಕೂ ಬಲಭಾಗಕ್ಕೂ ಏನು ಸಂಬಂಧವೆಂಬುದೇ ಅನೇಕರಿಗೆ, ಅದರಲ್ಲೂ ಹೊಸಬರಿಗೆ, ಹೊಳೆಯಲಿಲ್ಲ. ಒಂದು ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಇರಬಹುದೆಂಬ ಕಲ್ಪನೆಯೇ ತೊಡಕಾಯಿತು. ಪ್ರೋಗ್ರಾಂಗಳ ಫೋಲ್ಡರಿನ ಗತಿಯೂ ಅದೇ. ಬರಹ ಸಿದ್ಧಪಡಿಸುವ ಪ್ರೋಗ್ರಾಂ ತೆರೆಯಿರಿ ಎಂದರೆ ಜನ ಒಂದರೊಳಗೊಂದು ಫೋಲ್ಡರ್ ತೆರೆಯುತ್ತ ಹೋಗಿ, ಪರದೆ ತುಂಬ ವಿಂಡೋಗಳಾಗಿ, ಎಲ್ಲಿದ್ದೇವೆಂದು ತಿಳಿಯದೆ ನಿಲ್ಲುತ್ತಿದ್ದರು. ಡಬಲ್ ಕ್ಲಿಕ್ ಮಾಡುವುದೇ ಕೆಲವರಿಗೆ ಕೈಗೂಡದ ವಿದ್ಯೆಯಾಗಿತ್ತು. ಇಡೀ ವಿನ್ಯಾಸ ನಿಂತಿದ್ದದ್ದು ಅದರ ಮೇಲೆಯೇ.

ಟ್ರೇಯ ಮೂರು ಗುಂಡಿಗಳೂ ಗೊಂದಲವನ್ನೇ ಹುಟ್ಟಿಸಿದವು. ಯಾವುದು ಯಾವುದಕ್ಕೆ ಎಂಬುದು ಚಿತ್ರಗಳಿಂದ ತಿಳಿಯುತ್ತಿರಲಿಲ್ಲ. ಹೀಗಾಗಿ ಕಣ್ಣೂ ಪ್ರಶ್ನಾರ್ಥಕವೂ ತಮ್ಮ ಸ್ವತಂತ್ರ ಸ್ಥಾನ ಕಳೆದುಕೊಂಡು ಬಾವುಟದ ಗುಂಡಿಯ ಮೆನುವಿನೊಳಗಿನ ಎರಡು ಸಾಲುಗಳಾದವು. ಅದರ ಜೊತೆಗೆ ಪ್ರೋಗ್ರಾಂಗಳ ಪಟ್ಟಿಯೂ ಅದೇ ಮೆನುವಿಗೆ ಬಂತು. ಒಂದೇ ಒತ್ತಿಗೆ ತೆರೆದು, ಕೈ ಎತ್ತದೆ ಕವಲಿನಿಂದ ಕವಲಿಗೆ ಸಾಗಬಹುದಾದ ಮೆನುವಿನಲ್ಲಿ ಹೊಸಬರು ಫೋಲ್ಡರುಗಳಿಗಿಂತ ಎಷ್ಟೋ ಬೇಗ ಬೇಕಾದ್ದನ್ನು ಮುಟ್ಟುತ್ತಿದ್ದರು. ಇಷ್ಟಾದರೂ ಒಂದು ತೊಂದರೆ ಉಳಿಯಿತು. ಕಂಪ್ಯೂಟರ್ ಚಾಲು ಮಾಡಿದ ಮೇಲೆ ಜನ ಸುಮ್ಮನೆ ಕುಳಿತಿರುತ್ತಿದ್ದರು, ಏನಾದರೂ ಆಗಲಿ ಎಂದು ಕಾಯುತ್ತ. ಬಾವುಟದ ಚಿತ್ರ ಅವರಿಗೆ ಅಲಂಕಾರವಾಗಿ ಕಂಡಿತೇ ಹೊರತು ಬಾಗಿಲಾಗಿ ಕಾಣಲಿಲ್ಲ. ಆಗ ಯಾರಿಗೋ ಆ ಗುಂಡಿಯ ಮೇಲೆ ‘ಸ್ಟಾರ್ಟ್’ ಎಂದು ಬರೆಯುವ ಉಪಾಯ ಹೊಳೆಯಿತು. ಅಷ್ಟರಿಂದಲೇ ಫಲಿತಾಂಶ ಗಣನೀಯವಾಗಿ ಸುಧಾರಿಸಿತೆಂದು ಶೆಲ್ ತಂಡದವರು ದಾಖಲಿಸಿದ್ದಾರೆ. ಅದೂ ಸಾಲದೆಂದು, ಬಿಡುಗಡೆಯಾದ ಆವೃತ್ತಿಯಲ್ಲಿ ಇಲ್ಲಿ ಒತ್ತಿ ಶುರುಮಾಡಿ ಎಂದು ಹೇಳುವ ಬಾಣದ ಗುರುತೊಂದು ಪಟ್ಟಿಯುದ್ದಕ್ಕೂ ಜಾರಿಬಂದು ಗುಂಡಿಗೆ ಡಿಕ್ಕಿ ಹೊಡೆಯುವಂತೆ ಮಾಡಿದರು. ಮುಚ್ಚುವ ಆದೇಶವನ್ನು ಬೇರೆಡೆ ಒಯ್ಯಬಹುದಿತ್ತಲ್ಲ ಎಂಬ ಪ್ರಶ್ನೆಗೂ ಉತ್ತರ ಪರೀಕ್ಷೆಯಿಂದಲೇ ಬಂತು: ಯಂತ್ರವನ್ನು ಮುಚ್ಚಿ ಎಂದಾಗಲೂ ಜನರ ಕೈ ಹೋದದ್ದು ಸ್ಟಾರ್ಟ್ ಗುಂಡಿಯ ಕಡೆಗೇ.

ಸ್ಟಾರ್ಟ್ ಮೆನುವಿಗಿಂತಲೂ ಟಾಸ್ಕ್‌ಬಾರಿನ ಹುಟ್ಟು ನನಗೆ ಹೆಚ್ಚು ಪಾಠ ಹೇಳುವ ಕಥೆಯೆನಿಸುತ್ತದೆ, ಏಕೆಂದರೆ ಅಲ್ಲಿ ಸಮಸ್ಯೆಯನ್ನು ಸರಿಯಾಗಿ ಗುರುತಿಸುವುದಕ್ಕೇ ಸಮಯ ಹಿಡಿಯಿತು. ವಿಂಡೋಸ್ 3.1ರಲ್ಲಿ ಒಂದು ವಿಂಡೋವನ್ನು ಕಿರಿದುಗೊಳಿಸಿದರೆ ಅದು ಡೆಸ್ಕ್‌ಟಾಪಿನ ತಳದಲ್ಲೊಂದು ಐಕಾನಾಗಿ ಕೂರುತ್ತಿತ್ತು. ಅದರ ಮೇಲೆ ಇನ್ನೊಂದು ವಿಂಡೋ ಹರಡಿಕೊಂಡರೆ ಐಕಾನು ಮರೆಯಾಗುತ್ತಿತ್ತು. ತಮ್ಮ ಕೆಲಸ ಅಳಿಸಿಹೋಯಿತೆಂದು ತಿಳಿದು ಜನ ಅದೇ ಪ್ರೋಗ್ರಾಮನ್ನು ಮತ್ತೊಮ್ಮೆ ತೆರೆಯುತ್ತಿದ್ದರು. ಷಿಕಾಗೋ ತಂಡ ಮೊದಲು ಇದನ್ನು ರೂಪದ ತೊಂದರೆಯೆಂದು ತಿಳಿಯಿತು: ಕಿರಿದಾದ ವಿಂಡೋ ಪ್ರೋಗ್ರಾಮಿನ ಐಕಾನಿನಂತೆಯೇ ಕಾಣುವುದರಿಂದ ಗೊಂದಲ, ಆದ್ದರಿಂದ ಅದಕ್ಕೆ ಬೇರೆ ರೂಪ ಕೊಡೋಣ. ಐಕಾನಿನ ಬದಲು ಸಣ್ಣ ಫಲಕದಂಥ ಆಕಾರ ಕೊಟ್ಟು ನೋಡಿದರು. ಪ್ರಯೋಜನವಾಗಲಿಲ್ಲ. ಫಲಕವೂ ಮರೆಯಾಗಬಲ್ಲದು, ಜನರ ನಿಜವಾದ ಕಷ್ಟ ರೂಪದ್ದಲ್ಲ, ಮರೆಯಾಗುವುದರದ್ದು. ಎಂದೂ ಮರೆಯಾಗದ ಒಂದು ಜಾಗ ಆಗಲೇ ಪರದೆಯ ಅಂಚಿನಲ್ಲಿ ಟ್ರೇಯ ರೂಪದಲ್ಲಿ ಇತ್ತು. ತೆರೆದ ವಿಂಡೋಗಳೆಲ್ಲ, ಕಿರಿದಾಗಿರಲಿ ಹರಡಿರಲಿ, ಅಲ್ಲಿ ಒಂದೊಂದು ಗುರುತು ಪಡೆದವು. ವಸ್ತುಗಳನ್ನು ಹಾಕಿಡುವ ತಟ್ಟೆ ನಡೆಯುತ್ತಿರುವ ಕೆಲಸಗಳ ಪಟ್ಟಿಯಾಯಿತು. ಸಿಸ್ಟಂ ಮೆನುವಿನ ಟಾಸ್ಕ್ ಲಿಸ್ಟ್ ಎಂಬ ಸಾಲು ಅನಗತ್ಯವಾಗಿ ಉದುರಿಹೋಯಿತು. ವಿಂಡೋಗಳನ್ನು ಜೋಡಿಸುವ ಆದೇಶಗಳು ಟಾಸ್ಕ್‌ಬಾರಿನ ಮೇಲೆ ಬಲಗುಂಡಿ ಒತ್ತಿದರೆ ಬರುವ ಮೆನುವಿಗೆ ವಲಸೆ ಹೋದವು. ಕೀಲಿಮಣೆಯಲ್ಲೂ ಇದರ ಗುರುತು ಉಳಿದಿದೆ: ವಿಂಡೋಸ್ 3.1ರಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಲಿಸ್ಟ್ ಬರುತ್ತಿತ್ತು. ವಿಂಡೋಸ್ 95ರಿಂದೀಚೆಗೆ ಅವೇ ಕೀಲಿಗಳು ಸ್ಟಾರ್ಟ್ ಮೆನುವನ್ನು ತೆರೆಯುತ್ತವೆ.

ಪ್ರಯೋಗದ ಒಂದು ಘಟ್ಟದಲ್ಲಿ ಈ ಪಟ್ಟಿಯನ್ನು ಫೈಲಿನ ಪುಟಗಳಿಗೆ ಅಂಟಿಸುವ ಚೀಟಿಗಳಂತೆ ಚಿತ್ರಿಸಿ ಪರದೆಯ ತುದಿಗೇರಿಸಿ ನೋಡಿದ್ದೂ ಉಂಟು. ಅಲ್ಲಿ ಅಡ್ಡಬಂದದ್ದು ಹಳೆಯ ಪ್ರೋಗ್ರಾಂಗಳು. ಪರದೆಯ ಮೇಲಂಚಿನಿಂದ ಅಳೆಯುವ ಸ್ಥಾನವೂ, ಬಳಸಲು ಉಳಿದ ಜಾಗದ ಮೇಲಂಚಿನಿಂದ ಅಳೆಯುವ ಸ್ಥಾನವೂ ಒಂದೇ ಎಂದು ನಂಬಿ ಬರೆದ ಪ್ರೋಗ್ರಾಂಗಳು, ಮುಚ್ಚಿ ತೆರೆದಾಗಲೆಲ್ಲ ಪಟ್ಟಿಯ ದಪ್ಪದಷ್ಟು ಮೇಲಕ್ಕೆ ತೆವಳುತ್ತ ಪಟ್ಟಿಯ ಹಿಂದೆ ಸೇರುತ್ತಿದ್ದವು. ಪಟ್ಟಿ ಕೆಳಗಿದ್ದರೆ ಎರಡು ಅಳತೆಗಳೂ ಒಂದೇ ಆಗುವುದರಿಂದ ತಂಟೆಯಿಲ್ಲ. ಕೋಟ್ಯಂತರ ಜನರ ಕಣ್ಣಿನ ಅಭ್ಯಾಸವನ್ನು ನಿರ್ಧರಿಸಿದ ಒಂದು ಆಯ್ಕೆಯ ಹಿಂದೆ ಸೌಂದರ್ಯದ ಸಿದ್ಧಾಂತವಲ್ಲ, ಇತರರು ಬರೆದ ಪ್ರೋಗ್ರಾಂಗಳ ಸಣ್ಣ ಲೆಕ್ಕತಪ್ಪು ಇತ್ತು.

ಕೈಬಿಟ್ಟ ದಾರಿಯೊಂದು

ಬಿಲ್ಡ್‌ನಲ್ಲಿ ಕಾಣಸಿಗದ, ಆದರೆ ಈ ಪ್ರಕರಣಕ್ಕೆ ಸೇರಿದ ಇನ್ನೊಂದು ಪ್ರಯತ್ನವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೊಸಬರು ಇಷ್ಟೊಂದು ಒದ್ದಾಡುತ್ತಾರಾದರೆ ಅವರಿಗೆಂದೇ ಬೇರೆಯಾದ, ಸರಳವಾದ ಒಂದು ಶೆಲ್ ಕೊಟ್ಟರಾಯಿತು ಎಂದು ತಂಡ ಯೋಚಿಸಿತು. ವಿಷುವಲ್ ಬೇಸಿಕ್‌ನಲ್ಲಿ ಅದರ ಮಾದರಿಯೂ ಸಿದ್ಧವಾಯಿತು. ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಮಾಡಬಹುದಾದ ಕೆಲಸಗಳನ್ನೇ ಕಡಿಮೆ ಮಾಡಿದರೆ ತಪ್ಪುಗಳೂ ಕಡಿಮೆಯಾಗುವುದು ಸಹಜ. ಆದರೆ ಬಳಕೆದಾರನಿಗೆ ಬೇಕಾದ ಒಂದೇ ಒಂದು ಸೌಲಭ್ಯ ಅದರಲ್ಲಿ ಇಲ್ಲವಾದರೂ ಅವನು ಇಡೀ ಶೆಲ್ಲನ್ನೇ ಬಿಟ್ಟು ಹೊರಬರಬೇಕಿತ್ತು. ಹೊರಬಂದ ಮೇಲೆ ಅಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಅಲ್ಲದೆ ಅವನು ನಿತ್ಯ ಬಳಸುವ ಪ್ರೋಗ್ರಾಂಗಳು ಆ ಸರಳ ಶೆಲ್ಲಿನಂತೆ ನಡೆಯುವುದಿಲ್ಲವಾದ್ದರಿಂದ ಎರಡೆರಡು ರೀತಿ ಕಲಿಯುವ ಹೊರೆ ಬೀಳುತ್ತಿತ್ತು. ಯೋಚನೆಯನ್ನು ಕೈಬಿಟ್ಟರು. ಈ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಹೊಸಬನೂ ಪಳಗಿದವನೂ ಒಂದೇ ಪರದೆಯನ್ನು ನೋಡುವಂತಾದದ್ದರಿಂದಲೇ ಒಬ್ಬ ಇನ್ನೊಬ್ಬನಿಗೆ ಪಕ್ಕದಲ್ಲಿ ಕುಳಿತು ಹೇಳಿಕೊಡುವುದು ಸಾಧ್ಯವಾಯಿತು.

ಫೈಲ್ ಕ್ಯಾಬಿನೆಟ್‌ನ ವಿಷಯದಲ್ಲಿ ಮಾತ್ರ ಅವರು ಎರಡು ದಾರಿಗಳನ್ನೂ ಉಳಿಸಿಕೊಂಡರು. ಡೆಸ್ಕ್‌ಟಾಪಿನ ಮೈ ಕಂಪ್ಯೂಟರ್ ಎಂಬ ಐಕಾನಿನಿಂದ ಒಂದೇ ಭಾಗದ ಸರಳ ವಿಂಡೋ ತೆರೆಯುತ್ತದೆ; ಎರಡು ಭಾಗದ ಹಳೆಯ ನೋಟ ವಿಂಡೋಸ್ ಎಕ್ಸ್‌ಪ್ಲೋರರ್ ಎಂಬ ಹೆಸರಿನಲ್ಲಿ, ಬೇಕೆಂದವರು ಹುಡುಕಿ ತೆಗೆಯುವಂತೆ, ಮೆನುವಿನ ಒಳಗೆ ಹಿಂದೆ ಸರಿಯಿತು. ವಿಂಡೋಸ್ 3.1ರ ಫೈಲ್ ಮ್ಯಾನೇಜರಿನಲ್ಲಿ ಪಳಗಿದ್ದವರಿಗೆ ಅದು ಬೇಕೇ ಬೇಕಿತ್ತು.

ಫಲಿತಾಂಶ ಮತ್ತು ಉಳಿದ ಗುರುತುಗಳು

ತಂಡ ತಾನು ಕಂಡದ್ದನ್ನೆಲ್ಲ ಒಂದು ದತ್ತಸಂಚಯದಲ್ಲಿ ಬರೆದಿಡುತ್ತಿತ್ತು. ಕೊನೆಗೆ ಅದರಲ್ಲಿ 699 ಟಿಪ್ಪಣಿಗಳಿದ್ದವು. 148 ಮೆಚ್ಚುಗೆಯವು, 551 ಸಮಸ್ಯೆಗಳು. ಮುಗಿಯುವ ಹಂತದ ವಿಂಡೋಸ್ 95ನ್ನು ವಿಂಡೋಸ್ 3.1ರ ಜೊತೆ ತೂಗಿ ನೋಡಿದಾಗ, ಅದೇ ಕೆಲಸಗಳನ್ನು ಬಳಕೆದಾರರು ಸುಮಾರು ಅರ್ಧ ಸಮಯದಲ್ಲಿ ಮುಗಿಸಿದರು. ಕೇಳಿದ 21 ಅಂಶಗಳ ಪೈಕಿ 20ರಲ್ಲಿ ಹೊಸದನ್ನೇ ಹೆಚ್ಚು ಮೆಚ್ಚಿದರು. ತಯಾರಿಸಿದವರೇ ನಡೆಸಿ, ತಯಾರಿಸಿದವರೇ ಬರೆದ ಪರೀಕ್ಷೆಯಿದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಈ ಅಂಕಿಗಳನ್ನು ಓದಬೇಕು. ಆದರೆ 551 ಸಮಸ್ಯೆಗಳನ್ನು ಎಣಿಸಿ ಹೊರಗೆ ಹೇಳಿಕೊಳ್ಳುವ ಮನಸ್ಸು ವಾಣಿಜ್ಯ ಸಂಸ್ಥೆಗಳಲ್ಲಿ ಅಪರೂಪವೆಂಬುದೂ ನಿಜ. ಸ್ಟಾರ್ಟ್ ಮೆನು ಕೂಡಿದ ಟಾಸ್ಕ್‌ಬಾರಿಗೆ 1998ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು; ಅದರ ಆವಿಷ್ಕಾರಕರಲ್ಲಿ ಮೊದಲ ಹೆಸರು ಡ್ಯಾನಿ ಓರನ್ ಅವರದು. 1996ರಲ್ಲಿ ಬಂದ ವಿಂಡೋಸ್ ಎನ್‌ಟಿ 4.0 ಇದೇ ಮುಖವನ್ನು ತೊಟ್ಟಿತು. ಕೈರೋದಿಂದ ಎರವಲು ಪಡೆದದ್ದು, ತಿದ್ದುಪಡಿಯಾಗಿ, ಮತ್ತೆ ಎನ್‌ಟಿಯ ಮನೆಗೇ ಹಿಂದಿರುಗಿತು.

58ಎಸ್‌ನಲ್ಲಿ ಕಂಡದ್ದು ಪೂರ್ತಿ ಅಳಿಸಿಹೋಗಿದೆ ಎಂದುಕೊಂಡರೆ ತಪ್ಪಾಗುತ್ತದೆ. ವಿಂಡೋಸ್‌ನಲ್ಲಿ ಪ್ರತಿ ವಿಂಡೋಗೂ ಬಳಕೆದಾರರಿಗೆ ಕಾಣದ ಒಂದು ಆಂತರಿಕ ವರ್ಗನಾಮ ಇರುತ್ತದೆ. ಪ್ರೋಗ್ರಾಂ ಬರೆಯುವವರ ಬಳಿಯಿರುವ ಸ್ಪೈ++ ಎಂಬ ಉಪಕರಣವನ್ನು ತೆರೆದು, ಅದರ ಗುರಿಚಿಹ್ನೆಯನ್ನು ಎಳೆದು ಇಂದಿನ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್ ವಿಂಡೋ ಮೇಲೆ ಬಿಟ್ಟರೆ, ಅದು ತೋರಿಸುವ ಹೆಸರು ‘ಕ್ಯಾಬಿನೆಟ್‌ಡಬ್ಲ್ಯುಕ್ಲಾಸ್’. ಅದೇ ಗುರಿಯನ್ನು ಟಾಸ್ಕ್‌ಬಾರಿನ ಮೇಲೆ ಬಿಟ್ಟರೆ ‘ಶೆಲ್_ಟ್ರೇವಿಂಡ್’ ಎಂದು ಬರುತ್ತದೆ. ಡೆಸ್ಕ್‌ಟಾಪಿನಿಂದ ಫೈಲ್ ಕ್ಯಾಬಿನೆಟ್ ಹೋಗಿಯೂ, ಟ್ರೇ ತನ್ನ ಮೂಲ ಕೆಲಸ ಬಿಟ್ಟೂ ಮೂರು ದಶಕಗಳಾದವು. ಆದರೆ ಈ ಹೆಸರುಗಳನ್ನು ನೆಚ್ಚಿಕೊಂಡು ಟಾಸ್ಕ್‌ಬಾರನ್ನು ಹುಡುಕುವ, ಅಡಗಿಸುವ, ಅದರ ಎತ್ತರ ಅಳೆಯುವ ಪ್ರೋಗ್ರಾಂಗಳನ್ನು ಈ ನಡುವೆ ಹೊರಗಿನವರು ಅಸಂಖ್ಯವಾಗಿ ಬರೆದಿದ್ದಾರೆ. ಹೆಸರು ಬದಲಿಸಿದರೆ ಅವೆಲ್ಲ ಕೆಡುತ್ತವೆ. ಹಾಗಾಗಿ ಯಾರೂ ಅದನ್ನು ಬದಲಿಸಲು ಹೋಗಿಲ್ಲ.